‘ಸರ್ ಬಂದಾರ’ ಅಂದರೆ ತಪ್ಪೇನು?

ಲ್ಯಾಬ್ ಪರೀಕ್ಷೆಯ ದಿನ. ಬೆಳಗಾವಿಯ ಹಾಸ್ಟೆಲ್‌ನಲ್ಲಿ ಮಲಗಿದ್ದ ಮೈಸೂರಿನ ಗೆಳೆಯನಿಗೆ ‘ಸರ್ ಬಂದಾರ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ವಾಟ್ಸ್‌ಆ್ಯಪ್ ಮಾಡಿ, ಫೋನ್ ಬ್ಯಾಗಿನಲ್ಲಿಟ್ಟು ಒಳಗೆ ಹೋದೆ. ಹೊರಬಂದು ನೋಡಿದರೆ ‘ಗೊತ್ತಿಲ್ಲ ಮಗಾ, ಬಂದ್ರೂ ಬರಬಹುದು’ ಎಂಬ ಉತ್ತರ! ನಾನು ಹೇಳಿದ್ದು ‘ಬಂದಿದ್ದಾರೆ’ ಎಂದು. ಅವನು ಓದಿಕೊಂಡದ್ದು ‘ಬಂದಾರಾ?’ ಎಂದು. ವೈವಾಗೆ ಹೆಸರು ಕರೆದಾಗ ಆಸಾಮಿ ಹೊದ್ದು ಮಲಗಿದ್ದ.

‘ನಿಮ್ಮ ಕನ್ನಡವೇ ಸರಿ ಇಲ್ಲ ಕಣೋ’ ಎಂದು ಬೈದ. ಅಂಕ ಹೋದವನ ಸಿಟ್ಟು, ಸಹಿಸಿಕೊಂಡೆ. ಮಾತನ್ನು ಮಾತ್ರ ಒಪ್ಪಲಿಲ್ಲ.

ಖಾನಾಪುರದ ಮನೆಯಲ್ಲಿ ನಮ್ಮವ್ವ ‘ಅಡಗಿ ಮಾಡಾಕತ್ತೀನಿ’ ಅಂತಾಳೆ. ಅದರೊಳಗೆ ‘ಹತ್ತು’ ಎಂಬ ಕ್ರಿಯಾಪದ ಕೂತಿದೆ. ಮಾಡಲು ಹತ್ತಿದ್ದೇನೆ, ಅಂದರೆ ಕೆಲಸ ಶುರುವಾಗಿದೆ, ನಡೆದಿದೆ. ‘ಮಾಡುತ್ತೇನೆ’ ಅಂದರೆ ಈಗಲೋ ನಾಳೆಯೋ ತಿಳಿಯದು. ‘ಮಾಡಾಕತ್ತೀನಿ’ ಅಂದಾಗ ಒಲೆ ಹೊತ್ತಿರುತ್ತದೆ.

ಇದನ್ನು ಕೆಟ್ಟ ಕನ್ನಡ ಅನ್ನುವವರು ನಮ್ಮ ತಾಲ್ಲೂಕಿನ ಹಲಸಿಗೆ ಬರಲಿ. ಕದಂಬರ ತಾಮ್ರಶಾಸನಗಳಲ್ಲಿ ಆ ಊರು ಪಲಾಶಿಕಾ. ‘ಪ’ಕಾರ ‘ಹ’ಕಾರವಾಗಿ ಪಲಸಿಗೆ ಹಲಸಿ ಆಯಿತು, ‘ಪೋಗು’ ‘ಹೋಗು’ ಆಯಿತು. 10ನೇ ಶತಮಾನದ ಪಂಪ ಎದ್ದುಬಂದರೆ ನಮ್ಮ ಪಠ್ಯಪುಸ್ತಕದ ‘ಹೋದನು’ ಕೂಡ ಅವನಿಗೆ ತಪ್ಪಾಗಿಯೇ ಕಂಡೀತು.

ಇಂಗ್ಲಿಷ್ ವಿಷಯದಲ್ಲಿ ನಾವು ಬಹಳ ಉದಾರಿಗಳು. ‘ಲರ್ನ್ಟ್’, ‘ಲರ್ನ್ಡ್’ ಎರಡೂ ನಡೆಯುತ್ತವೆ. ‘ಗಾಟನ್’ ಎಂಬ ಹಳೆಯ ರೂಪ ಇಂಗ್ಲೆಂಡಿನಲ್ಲಿ ಬಹುತೇಕ ಬಿಟ್ಟುಹೋಗಿದೆ, ಅಮೆರಿಕದಲ್ಲಿ ನಿತ್ಯದ ಮಾತು. ಯಾರಾದರೂ ‘ಗಾಟನ್’ ಅಂದರೆ ‘ಯುಎಸ್ ಇಂಗ್ಲಿಷ್’ ಎಂದು ತಲೆದೂಗುತ್ತೇವೆ. ‘ಬಂದಾರ’ ಅಂದರೆ ನಗುತ್ತೇವೆ. ನಮ್ಮದೇ ಜಿಲ್ಲೆಯ ಘೋಡಗೇರಿಯ ಚಂದ್ರಶೇಖರ ಕಂಬಾರರು ಈ ಭಾಗದ ಮಾತಿನಲ್ಲೇ ‘ಜೋಕುಮಾರಸ್ವಾಮಿ’ ಬರೆದರು, ಜ್ಞಾನಪೀಠವನ್ನೂ ಪಡೆದರು.

ಪರೀಕ್ಷೆಯಲ್ಲಿ, ಅರ್ಜಿಯಲ್ಲಿ ‘ಬಂದಿದ್ದಾರೆ’ ಎಂದೇ ಬರೆಯೋಣ. ಎಲ್ಲರಿಗೂ ತಿಳಿಯುವ ಒಂದು ರೂಪ ಬೇಕು, ಇಲ್ಲದಿದ್ದರೆ ನನ್ನ ಗೆಳೆಯನ ಗತಿಯೇ. ಆದರೆ ಬೆಂಗಳೂರಿಗೆ ಇಂಟರ್ನ್‌ಶಿಪ್‌ಗೆ ಹೋದ ನಮ್ಮ ಕಡೆಯ ಹುಡುಗರು ಅವ್ವನ ಫೋನ್ ಬಂದರೆ ಎದ್ದು ಕಾರಿಡಾರ್‌ಗೆ ಹೋಗುತ್ತಾರಲ್ಲ, ಅದು ಯಾಕೆ? ನಾನೂ ಹೋಗಿದ್ದೇನೆ. ‘ಊಟ ಮಾಡಾಕತ್ತೀನಿ ಬೇ’ ಎಂಬ ಮೂರು ಮಾತಿಗೆ ಅಷ್ಟು ದೂರ ನಡೆದಿದ್ದೇನೆ.

ಈಗ ಆ ಮೈಸೂರಿನ ಗೆಳೆಯನೇ ಕ್ಲಾಸಿನ ಗ್ರೂಪಿಗೆ ಮೆಸೇಜು ಹಾಕುತ್ತಾನೆ: ‘ಸರ್ ಬಂದಾರ. ಪ್ರಶ್ನೆ ಅಲ್ಲ, ಓಡಿ ಬನ್ರಿ.’