ಮಂಗನ ಕಾಯಿಲೆಯ ಲಸಿಕೆ ಮತ್ತು ವೈದ್ಯಧರ್ಮದ ಪ್ರಶ್ನೆ



ಅಡಕೆಯ ಕೊನೆಕೊಯ್ಲು ಮುಗಿದು ಸೊಪ್ಪಿಗೂ ದರಗಿಗೂ ಕಾಡು ಹೊಗುವ ಕಾಲ ಬಂದೊಡನೆ ಮಂಡಗದ್ದೆಯ ಆಸುಪಾಸಿನಲ್ಲಿ, ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಕಾಡಂಚಿನ ಊರುಗಳಲ್ಲಿ ಮಂಗನ ಕಾಯಿಲೆಯ ಭೀತಿ ತಲೆದೋರುತ್ತದೆ. ಈಚಿನ ವರ್ಷಗಳಲ್ಲಿ ಈ ಭೀತಿಯೊಡನೆ ಒಂದು ಪ್ರಶ್ನೆಯೂ ಸೇರಿಕೊಂಡಿದೆ. ಹಿಂದೆ ಮನೆಬಾಗಿಲಿಗೆ ಬಂದು ಹಾಕುತ್ತಿದ್ದ ಚುಚ್ಚುಮದ್ದು ಈಗ ಏಕಿಲ್ಲ? ಅದು ಒಳ್ಳೆಯದಾಗಿದ್ದರೆ ನಿಲ್ಲಿಸಿದ್ದೇಕೆ? ಒಳ್ಳೆಯದಲ್ಲದಿದ್ದರೆ ಅಷ್ಟು ವರ್ಷ ಕೊಟ್ಟಿದ್ದೇಕೆ? ಈ ಪ್ರಶ್ನೆ ನ್ಯಾಯವಾದದ್ದು. ವೈದ್ಯಶಾಸ್ತ್ರಕ್ಕೆ ಎಷ್ಟು ಸೇರಿದ್ದೋ ವೈದ್ಯಧರ್ಮಕ್ಕೂ ಅಷ್ಟೇ ಸೇರಿದ್ದು. ಆದುದರಿಂದ ಇದನ್ನು ಸಾವಧಾನವಾಗಿ ವಿಚಾರಿಸುವುದು ಯುಕ್ತವೆಂದು ಭಾವಿಸಿದ್ದೇವೆ.

1957ರಲ್ಲಿ ನಮ್ಮ ಜಿಲ್ಲೆಯದೇ ಆದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು; ಸುತ್ತಲಿನ ಹಳ್ಳಿಗಳ ಜನರೂ ಜ್ವರದಿಂದ ಮಲಗಿದರು. ಪುಣೆಯ ವೈರಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅದುವರೆಗೆ ಜಗತ್ತಿಗೆ ತಿಳಿಯದಿದ್ದ ವೈರಾಣುವೊಂದನ್ನು ಪತ್ತೆಮಾಡಿದರು. ಆ ಕಾಡಿನ ಹೆಸರೇ ರೋಗದ ಹೆಸರಾಯಿತು. ರೋಗವನ್ನು ಮನುಷ್ಯರಿಗೆ ದಾಟಿಸುವುದು ಉಣುಗು; ಮಂಗವು ನಮ್ಮಂತೆಯೇ ಅದಕ್ಕೆ ಬಲಿಯಾಗುವ ಜೀವಿ. ಒಬ್ಬರಿಂದ ಒಬ್ಬರಿಗೆ ಈ ಕಾಯಿಲೆ ಹರಡುವುದಿಲ್ಲ. ಆದರೆ ರೋಗ ತಗಲಿದವರಲ್ಲಿ ನೂರಕ್ಕೆ 3ರಿಂದ 5 ಮಂದಿ ಸಾಯುತ್ತಾರೆ. ಇದನ್ನು ಗುಣಪಡಿಸುವ ನಿರ್ದಿಷ್ಟ ಔಷಧ ಇಂದಿಗೂ ಇಲ್ಲ. ಕಾಲಕ್ಕೆ ಸರಿಯಾಗಿ ಆಸ್ಪತ್ರೆ ಸೇರುವುದು ಮತ್ತು ಅಲ್ಲಿ ದೊರೆಯುವ ಶುಶ್ರೂಷೆ, ಇವೇ ಜೀವ ಉಳಿಸುವ ಸಾಧನಗಳು.

ಇಂತಹ ರೋಗಕ್ಕೆ ಲಸಿಕೆ ದೊರೆತಾಗ ಮಲೆನಾಡು ನೆಮ್ಮದಿಯ ಉಸಿರು ಬಿಟ್ಟಿತು. 1990ರಿಂದ 1992ರವರೆಗೆ ನಡೆದ ಕ್ಷೇತ್ರ ಪರೀಕ್ಷೆಯಲ್ಲಿ ಎರಡು ಡೋಸ್ ಪಡೆದವರಿಗೆ ಶೇಕಡ 93ಕ್ಕೂ ಹೆಚ್ಚು ರಕ್ಷಣೆ ಕಂಡುಬಂದಿತ್ತು. ಆದರೆ 2005ರಿಂದ 2010ರವರೆಗಿನ ಅನುಭವವನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡು ಡೋಸ್‌ಗಳ ಫಲ ಶೇಕಡ 62ಕ್ಕೆ ಇಳಿದಿತ್ತು. ವರ್ಧಕ ಡೋಸನ್ನೂ ಪಡೆದವರಲ್ಲಿ ಅದು ಶೇಕಡ 83ರಷ್ಟಿತ್ತು. ಒಂದೇ ಡೋಸ್ ಪಡೆದವರಿಗೆ ಯಾವ ರಕ್ಷಣೆಯೂ ಸಿಕ್ಕಿರಲಿಲ್ಲ. ತಿಂಗಳ ಅಂತರದಲ್ಲಿ ಎರಡು ಡೋಸ್, ಕೆಲವು ತಿಂಗಳ ತರುವಾಯ ವರ್ಧಕ, ಮುಂದೆ ವರ್ಷವರ್ಷವೂ ಮತ್ತೊಂದು, ಹೀಗಿತ್ತು ಕ್ರಮ. ಚುಚ್ಚಿದ ಕಡೆ ನೋವು ಹೆಚ್ಚು. ಕೂಲಿಯ ದಿನ ಕಳೆದುಕೊಂಡು ಮತ್ತೆ ಮತ್ತೆ ಬರುವುದು ಬಡವರಿಗೆ ಸುಲಭವಾಗಿರಲಿಲ್ಲ. 2019ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡಿನಲ್ಲಿ ರೋಗ ಉಲ್ಬಣಿಸಿ ಸಾವುಗಳು ಸಂಭವಿಸಿದಾಗ ಇಡೀ ನಾಡು ಇತ್ತ ನೋಡಿತು. ಕೊನೆಗೆ 2022ರ ವೇಳೆಗೆ ಆ ಲಸಿಕೆಯ ಬಳಕೆ ನಿಂತಿತು.

ಇಲ್ಲಿಯೇ ಧರ್ಮಸೂಕ್ಷ್ಮ ಎದುರಾಗುತ್ತದೆ. ಶಕ್ತಿ ಕುಂದಿದ ಲಸಿಕೆಯನ್ನು ಕೊಡಬಹುದೆ? ಕೊಡಬೇಕೆನ್ನುವವರ ಮಾತಿನಲ್ಲಿ ಹುರುಳಿದೆ. ಬೇರೆ ಔಷಧವೇ ಇಲ್ಲದಿರುವಾಗ ಅರೆರಕ್ಷಣೆಯಿಂದಲೂ ಕೆಲವು ಜೀವಗಳು ಉಳಿದಾವು. ಇರುವುದನ್ನೂ ಕಿತ್ತುಕೊಳ್ಳುವುದು ದಯೆಯಲ್ಲ. ಬೇಡವೆನ್ನುವವರ ಮಾತೂ ಅಷ್ಟೇ ತೂಕದ್ದು. ಚುಚ್ಚುಮದ್ದು ಆಗಿದೆ ಎಂಬ ಧೈರ್ಯದಿಂದ ಒಬ್ಬನು ಮೈಗೆ ಎಣ್ಣೆ ಹಚ್ಚದೆ ಕಾಡಿಗೆ ಹೋದರೆ, ಜ್ವರ ಬಂದಾಗ ಇದು ಆ ಕಾಯಿಲೆಯಲ್ಲವೆಂದು ಮನೆಯಲ್ಲಿಯೇ ಉಳಿದರೆ, ಆ ಲಸಿಕೆಯೇ ಅವನಿಗೆ ಅಪಾಯವಾಗುತ್ತದೆ.

ವೈದ್ಯಕೀಯ ನೀತಿಶಾಸ್ತ್ರವು ನಾಲ್ಕು ತತ್ತ್ವಗಳನ್ನು ಮುಖ್ಯವೆಂದು ಹೇಳುತ್ತದೆ: ರೋಗಿಯ ಸ್ವನಿರ್ಣಯವನ್ನು ಗೌರವಿಸುವುದು, ಹಿತವನ್ನು ಮಾಡುವುದು, ಅಹಿತವನ್ನು ಮಾಡದಿರುವುದು, ಎಲ್ಲರಿಗೂ ನ್ಯಾಯವಾಗಿ ನಡೆಯುವುದು. ಮೇಲಿನ ಎರಡು ಪಕ್ಷಗಳೂ ಈ ತತ್ತ್ವಗಳನ್ನೇ ಆಧರಿಸಿವೆ. ಲಸಿಕೆಯನ್ನು ಮುಂದುವರಿಸಿದ್ದರೂ ನಿಲ್ಲಿಸಿದ್ದರೂ ಪ್ರಾಮಾಣಿಕ ವೈದ್ಯನೊಬ್ಬನು ತನ್ನ ನಿರ್ಧಾರವನ್ನು ಸಮರ್ಥಿಸಿಕೊಳ್ಳಬಹುದು. ಸಮರ್ಥಿಸಲಾಗದ ಸಂಗತಿ ಒಂದೇ: ತಿಳಿದದ್ದನ್ನು ಜನರಿಗೆ ತಿಳಿಯುವಂತೆ ಹೇಳದಿರುವುದು. 2013ರ ಅಂಕಿಗಳು ವಿಜ್ಞಾನ ಪತ್ರಿಕೆಗಳಲ್ಲಿದ್ದವು. ತೋಳನ್ನು ಮುಂದೆ ಚಾಚಿದ ಕಾಡಂಚಿನ ಎಷ್ಟು ಮಂದಿಗೆ ಅವು ತಲುಪಿದ್ದವು? ಒಂದು ಡೋಸಿನಿಂದ ಫಲವಿಲ್ಲ, ಎರಡಾದ ಮೇಲೂ ಎಚ್ಚರ ಬೇಕು ಎಂಬ ಎರಡು ಮಾತು ಸ್ಪಷ್ಟವಾಗಿ ಕೇಳಿಬಂದಿದ್ದರೆ, ಲಸಿಕೆ ಪಡೆದವನು ಅರಿತು ಪಡೆಯುತ್ತಿದ್ದನು; ಬೇಡವೆಂದವನೂ ಅರಿತೇ ಬೇಡವೆನ್ನುತ್ತಿದ್ದನು. ಜನರು ಲಸಿಕೆಗೆ ಬರಲಿಲ್ಲವೆಂದು ಅವರ ಅಜ್ಞಾನವನ್ನು ಮಾತ್ರ ದೂರುವುದು ಸಲ್ಲದು.

ಈ ಸಂಕಟದ ಹೆಚ್ಚಿನ ಭಾರ ಬಿದ್ದದ್ದು ಶುಶ್ರೂಷಕಿಯರ ಮತ್ತು ಆಶಾ ಕಾರ್ಯಕರ್ತೆಯರ ಮೇಲೆ. ಲಸಿಕೆಯನ್ನು ತಯಾರಿಸಿದವರು ಅವರಲ್ಲ, ಅದರ ಗುಣವನ್ನು ಪರೀಕ್ಷಿಸಿದವರು ಅವರಲ್ಲ. ಆದರೂ ಹಳ್ಳಿಯ ತಾಯಿಯು ನಂಬಿದ್ದು ಸರ್ಕಾರದ ಮುದ್ರೆಯನ್ನಲ್ಲ, ಪರಿಚಯದ ಆ ಸಿಸ್ಟರ್ ಆಡಿದ ಮಾತನ್ನು. ಲಸಿಕೆ ಪಡೆದವರೂ ರೋಗಕ್ಕೆ ತುತ್ತಾದಾಗ ಪ್ರಶ್ನೆ ಎದುರಿಸಬೇಕಾದವಳೂ ಅವಳೇ. ಕಾಯಕಜೀವಿಯ ಕೈಗೆ ಕೆಲಸವನ್ನು ಕೊಟ್ಟು, ಆ ಕೆಲಸದ ಸತ್ಯವನ್ನು ಮಾತ್ರ ಅವಳಿಂದ ದೂರವಿಡುವುದು ಕಾಯಕಕ್ಕೆ ಮಾಡುವ ಅಪಚಾರ. ಮೇಲಿನವರು ಅವಳಿಗೆ ಪೂರ್ಣ ವಿಷಯ ತಿಳಿಸಬೇಕು. ಅವಳು ಸಂದೇಹ ವ್ಯಕ್ತಪಡಿಸಿದರೆ ಆಲಿಸಬೇಕು.

ಇದೆಲ್ಲ ಮುಗಿದ ಕಥೆಯೆಂದು ಯಾರೂ ಭಾವಿಸಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸಂಸ್ಥೆಯೊಡನೆ ಹೊಸ ಲಸಿಕೆಯನ್ನು ರೂಪಿಸುತ್ತಿದೆ. ಆ ಕಾರ್ಯ ಮಾನವ ಪ್ರಯೋಗದ ಹಂತಕ್ಕೆ ಬಂದಿದೆ. ಇಂತಹ ಪ್ರಯೋಗದ ಮೊದಲ ಹಂತದಲ್ಲಿ ಕೆಲವೇ ಆರೋಗ್ಯವಂತ ಸ್ವಯಂಸೇವಕರ ಮೇಲೆ ಸುರಕ್ಷತೆಯನ್ನು ನೋಡುತ್ತಾರೆ. ಆದರೆ ಲಸಿಕೆಯು ರೋಗವನ್ನು ತಡೆಯುವುದೇ ಎಂಬುದನ್ನು ಅಳೆಯಬೇಕಾದರೆ ರೋಗವಿರುವ ಮಲೆನಾಡಿಗೇ ಬರಬೇಕಾಗುತ್ತದೆ. ಅಂದು ನಮ್ಮ ಊರುಗಳ ಜನರ ಒಪ್ಪಿಗೆ ಕೇಳುವ ಪ್ರಸಂಗ ಬರಬಹುದು.

ಅಂತಹ ಪ್ರಸಂಗದಲ್ಲಿ ಭಯಪಟ್ಟು ಓಡುವುದೂ ಸರಿಯಲ್ಲ, ಓದದೆ ಹೆಬ್ಬೆಟ್ಟು ಒತ್ತುವುದೂ ಸರಿಯಲ್ಲ. ದೇಶದ 2019ರ ನಿಯಮಗಳ ಪ್ರಕಾರ ಪ್ರಯೋಗಕ್ಕೆ ಸೇರುವವರಿಗೆ ಎಲ್ಲವನ್ನೂ ಅವರಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು. ಬೇಡವೆನಿಸಿದಾಗ ಹೊರಬರುವ ಸ್ವಾತಂತ್ರ್ಯ ಅವರಿಗುಂಟು. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಸಲ್ಲಬೇಕು. ಯಜಮಾನರು ಹೇಳಿದರೆಂದೋ, ಮಠದವರು ಹೇಳಿದರೆಂದೋ ಯಾರೂ ಒಪ್ಪಬೇಕಾಗಿಲ್ಲ. ಹಾಗೆ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಇದರೊಡನೆ ನ್ಯಾಯದ ಮಾತೊಂದಿದೆ. ಪ್ರಯೋಗದ ಭಾರವನ್ನು ಹೊತ್ತ ಹಳ್ಳಿಗಳಿಗೆ ಲಸಿಕೆ ಸಿದ್ಧವಾದಾಗ ಅದು ಮೊದಲು ಮತ್ತು ಉಚಿತವಾಗಿ ದೊರೆಯಬೇಕು. ಈ ಬೇಡಿಕೆಯನ್ನು ಈಗಿನಿಂದಲೇ ಎತ್ತುವುದು ಸಮಾಜದ ಹೊಣೆ.

ಹೊಸ ಲಸಿಕೆ ಬರುವವರೆಗೆ ಎಚ್ಚರವೇ ನಮ್ಮ ರಕ್ಷೆ. ಕಾಡಿಗೆ ಹೋಗುವ ಮುನ್ನ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆಯನ್ನು ಹಚ್ಚಿಕೊಳ್ಳಿರಿ. ಮೈಮುಚ್ಚುವ ಬಟ್ಟೆ ತೊಡಿರಿ. ಮರಳಿದೊಡನೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆಯನ್ನು ಒಗೆಯಿರಿ. ಸತ್ತ ಮಂಗವನ್ನು ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕಾಗಲಿ ಗ್ರಾಮ ಪಂಚಾಯಿತಿಗಾಗಲಿ ತಿಳಿಸಿರಿ. ಹಠಾತ್ತಾಗಿ ಜ್ವರ, ತಲೆನೋವು, ಮೈಕೈನೋವು ಕಾಣಿಸಿಕೊಂಡರೆ ಒಂದು ದಿನವನ್ನೂ ಕಳೆಯದೆ ರಕ್ತಪರೀಕ್ಷೆ ಮಾಡಿಸಿರಿ. ಕೆಲಸದವರನ್ನು ಕಾಡಿಗೆ ಕಳುಹಿಸುವ ತೋಟದ ಒಡೆಯರು ಅವರಿಗೂ ಎಣ್ಣೆ ಒದಗಿಸಲಿ. ಜ್ವರ ಬಂದವರ ಕೂಲಿಯನ್ನು ಕಡಿಯದಿರಲಿ. ಮನೆಗೆ ಬರುವ ಆಶಾ ಕಾರ್ಯಕರ್ತೆಯನ್ನು ಕೂರಿಸಿ ಮಾತನಾಡಿಸಿರಿ, ಕೇಳಬೇಕಾದುದನ್ನು ಸಂಕೋಚವಿಲ್ಲದೆ ಕೇಳಿರಿ.