ವೀತರಾಗರ ಮುಂದೆ ಹರಕೆಯೇ?

ಎಲ್ಲೋರದ 32ನೆಯ ಗುಹೆಯಾದ ಇಂದ್ರಸಭೆಯಲ್ಲಿ ಬಳ್ಳಿ ಸುತ್ತಿದ ಬಾಹುಬಲಿ ಸ್ವಾಮಿಯ ಶಿಲ್ಪವಿದೆ. ನಾಸಿಕ ಜಿಲ್ಲೆಯ ಮಾಂಗಿ-ತುಂಗಿಯಲ್ಲಿ 108 ಅಡಿ ಎತ್ತರದ ಋಷಭದೇವರ ವಿಗ್ರಹವು 2016ರಲ್ಲಿ ಪ್ರತಿಷ್ಠೆಗೊಂಡಿತು. ಇಂತಹ ಸನ್ನಿಧಿಗಳಲ್ಲಿ ಮದುವೆ, ವ್ಯಾಪಾರ, ಪರೀಕ್ಷೆಗಳಿಗಾಗಿ ಹರಕೆ ಹೊರುವ ಶ್ರಾವಕರು ತಾವು ಯಾವ ದೇವರನ್ನು ಬೇಡುತ್ತಿದ್ದೇವೆಂದು ಯೋಚಿಸಬೇಕು.

ಡೀಯಿಸಂನ ದೇವರು ಲೋಕವನ್ನು ಸೃಷ್ಟಿಸಿ, ಅದನ್ನು ನಿಯಮಗಳಿಗೆ ಒಪ್ಪಿಸಿ ದೂರ ಸರಿದವನು. ಪ್ಯಾಂಥೀಯಿಸಂಗೆ ಲೋಕವೇ ದೇವರು. ಪ್ಯಾನೆಂಥೀಯಿಸಂಗೆ ಲೋಕವು ದೇವರೊಳಗಿದೆ, ಆದರೆ ದೇವರು ಲೋಕವನ್ನೂ ಮೀರಿದವನು.

ಜಿನರು ಲೋಕವ್ಯವಹಾರದಲ್ಲಿ ಕೈಹಾಕುವುದಿಲ್ಲವಾದ್ದರಿಂದ ಜೈನಮತವನ್ನು ಡೀಯಿಸಂ ಎಂದೂ, ಭವ್ಯಜೀವವು ಪರಮಾತ್ಮನಾಗಬಲ್ಲದೆಂಬುದರಿಂದ ಪ್ಯಾಂಥೀಯಿಸಂ ಎಂದೂ ಭ್ರಮಿಸುವುದು ಸುಲಭ. ಎರಡೂ ಸಲ್ಲವು. ಜೈನರಿಗೆ ಲೋಕವು ಅನಾದಿ, ಅದಕ್ಕೆ ಕರ್ತನಿಲ್ಲ. ರಾಷ್ಟ್ರಕೂಟ ಅಮೋಘವರ್ಷನ ಗುರುಗಳಾದ ಜಿನಸೇನಾಚಾರ್ಯರು ಸಂಸ್ಕೃತ ಆದಿಪುರಾಣದಲ್ಲಿ ಸೃಷ್ಟಿಕರ್ತವಾದವನ್ನು ತರ್ಕದಿಂದ ಖಂಡಿಸಿದ್ದಾರೆ. ಜೀವಗಳು ಅನಂತ, ಸಿದ್ಧರಾದ ಮೇಲೂ ಅವು ಒಂದರಲ್ಲೊಂದು ಲೀನವಾಗದೆ ಪ್ರತ್ಯೇಕವಾಗಿಯೇ ಉಳಿಯುತ್ತವೆ.

ರಾಗದ್ವೇಷಗಳನ್ನು ಗೆದ್ದವರು ಒಬ್ಬರಿಗೆ ಒಲಿದು ಇನ್ನೊಬ್ಬರಿಗೆ ಮುನಿಯುವುದೆಂತು? ಅಭಿಷೇಕದ ಸವಾಲಿನಲ್ಲಿ ದೊಡ್ಡ ಮೊತ್ತ ಕೂಗಿದ ಮಾತ್ರಕ್ಕೆ ಕರ್ಮದ ಬಾಕಿ ತೀರದು. ಆ ಸಾಲವನ್ನು ಮನ್ನಾ ಮಾಡುವ ಅಧಿಕಾರಿ ಎಲ್ಲಿಯೂ ಇಲ್ಲ. ದಾನವು ಲೋಭವನ್ನು ಕರಗಿಸಲು ಇರುವುದು, ವರವನ್ನು ಕೊಳ್ಳಲು ಅಲ್ಲ.

ಬಸದಿ ಸಮಿತಿಗಳು ಸವಾಲನ್ನು ಕೈಬಿಟ್ಟು ಸರದಿಯ ಪ್ರಕಾರ ಅಭಿಷೇಕದ ಅವಕಾಶ ನೀಡಲಿ. ಪಾಠಶಾಲೆಗಳು ಈ ಭೇದವನ್ನು ಮಕ್ಕಳಿಗೆ ಕಲಿಸಲಿ. ಪರನಾಡಿನಲ್ಲಿ ಬೆಳೆಯುವ ಕನ್ನಡ ಜೈನ ಮಗುವನ್ನು ಸಹಪಾಠಿಗಳು “ನಿಮ್ಮ ದೇವರು ಏನು ಕೊಡುತ್ತಾನೆ?” ಎಂದು ಕೇಳಿದರೆ, “ಏನನ್ನೂ ಕೊಡುವುದಿಲ್ಲ, ದಾರಿ ತೋರಿದ್ದಾರೆ, ನಡೆಯಬೇಕಾದವರು ನಾವೇ” ಎಂದು ಅಳುಕಿಲ್ಲದೆ ಹೇಳುವಂತಾಗಬೇಕು.