ಚಿತ್ರಕಥೆಗೆ ಒಪ್ಪಿಗೆ, ಚಿತ್ರಕ್ಕಲ್ಲ

ಲಂಡನ್ನಿನ ಉದ್ಯಾನವೊಂದರ ಕಾಲುದಾರಿಯ ಮೇಲೆ ಬರ್ಟ್ ಎಂಬ ಬಡ ಚಿತ್ರಗಾರ ಬಣ್ಣದ ಸೀಮೆಸುಣ್ಣದಿಂದ ಹಳ್ಳಿಯ ನೋಟವೊಂದನ್ನು ಬರೆದಿದ್ದಾನೆ. ಮಕ್ಕಳನ್ನು ನೋಡಿಕೊಳ್ಳಲು ಬಂದ ಆಯಾ ಮೇರಿ ಪಾಪಿನ್ಸ್, ಜೇನ್ ಮತ್ತು ಮೈಕೇಲ್ ಎಂಬ ಇಬ್ಬರು ಮಕ್ಕಳು ಹಾಗೂ ಬರ್ಟ್ ಕೈಕೈ ಹಿಡಿದು ಆ ಚಿತ್ರದೊಳಕ್ಕೇ ಜಿಗಿಯುತ್ತಾರೆ. ಅಲ್ಲಿರುವ ಮರ, ಹೂವು, ಪ್ರಾಣಿಗಳೆಲ್ಲ ಕುಂಚದಿಂದ ಮೂಡಿದವು. ಜಿಗಿದವರು ಮಾತ್ರ ರಕ್ತಮಾಂಸದ ಮನುಷ್ಯರು. ಪೆಂಗ್ವಿನ್‌ಗಳು ಚಹಾ ಬಡಿಸಿ ಕುಣಿಯುತ್ತವೆ. ತಿರುಗುಚಕ್ರದ ಮರದ ಕುದುರೆಗಳು ಚಕ್ರವನ್ನು ಬಿಟ್ಟು ಓಡುತ್ತವೆ, ಮೇರಿ ಏರಿದ ಕುದುರೆ ಪಂದ್ಯವನ್ನೇ ಗೆಲ್ಲುತ್ತದೆ. ಕೊನೆಗೆ ಮಳೆ ಸುರಿದು ಸುಣ್ಣದ ಬಣ್ಣ ಕರಗಿದಾಗ ಎಲ್ಲರೂ ಮತ್ತೆ ಕಾಲುದಾರಿಯ ಮೇಲೆ ನಿಂತಿರುತ್ತಾರೆ.

1964ರಲ್ಲಿ ವಾಲ್ಟ್ ಡಿಸ್ನಿ ಅವರ ಸಂಸ್ಥೆ ಹೊರತಂದ 'ಮೇರಿ ಪಾಪಿನ್ಸ್' ಚಿತ್ರದಲ್ಲಿ ಮಕ್ಕಳು ಮತ್ತೆ ಮತ್ತೆ ನೋಡಬಯಸುವ ಭಾಗವಿದು. ಇದೇ ಭಾಗವನ್ನು ಕಿತ್ತುಹಾಕಬೇಕೆಂದು ಹಟ ಹಿಡಿದವರು ಬೇರೆ ಯಾರೂ ಅಲ್ಲ, ಕಥೆಯನ್ನು ಬರೆದ ಪಿ. ಎಲ್. ಟ್ರಾವರ್ಸ್.

ಅವರ ಹಟಕ್ಕೆ ಬರುವ ಮುನ್ನ ಈ ಭಾಗದ ತಯಾರಿಯ ಬಗ್ಗೆ ಎರಡು ಮಾತು ಹೇಳಬೇಕು. ಅದು ಚಿತ್ರಗಳನ್ನು ಜೋಡಿಸಲು ಕಂಪ್ಯೂಟರ್ ಇಲ್ಲದ ಕಾಲ. ನಟರನ್ನು ಬಿಳಿಯ ಪರದೆಯ ಮುಂದೆ ನಿಲ್ಲಿಸಿ, ಪರದೆಗೆ ಸೋಡಿಯಂ ದೀಪಗಳ ಹಳದಿ ಬೆಳಕನ್ನು ಹಾಯಿಸಲಾಯಿತು. ಕ್ಯಾಮರಾದೊಳಗಿದ್ದ ವಿಶೇಷ ಪಟ್ಟಕವು ಆ ಒಂದು ಹಳದಿಯನ್ನಷ್ಟೇ ಬೇರ್ಪಡಿಸಿ ಎರಡನೆಯ ಫಿಲ್ಮ್ ಸುರುಳಿಗೆ ಕಳುಹಿಸುತ್ತಿತ್ತು. ಹೀಗೆ ಒಂದು ಸುರುಳಿಯಲ್ಲಿ ನಟರ ಬಣ್ಣದ ಚಿತ್ರ, ಇನ್ನೊಂದರಲ್ಲಿ ಅವರ ನೆರಳಿನಂಥ ಆಕೃತಿ ಏಕಕಾಲದಲ್ಲಿ ಮೂಡುತ್ತಿದ್ದವು. ಪೆಟ್ರೋ ವ್ಲಾಹೋಸ್, ಅಬ್ ಐವರ್ಕ್ಸ್ ಮೊದಲಾದವರು ರೂಪಿಸಿದ ತಂತ್ರವಿದು. ಮೇರಿಯ ಟೋಪಿಯಿಂದ ಇಳಿದ ತೆಳು ಜಾಲರಿಯ ಮುಸುಕಿನ ಅಂಚು ಕೂಡ ಬರೆದ ಹಿನ್ನೆಲೆಯ ಮೇಲೆ ಹರಿದಂತೆ ಕಾಣದಿರುವುದು ಇದರಿಂದಲೇ. ಬರ್ಟ್ ಪಾತ್ರದ ಡಿಕ್ ವಾನ್ ಡೈಕ್ ಕುಣಿದಾಗ ಜೊತೆಗೆ ಪೆಂಗ್ವಿನ್ ಒಂದೂ ಇರಲಿಲ್ಲ. ಅವರ ಹೆಜ್ಜೆಗಳನ್ನು ನೋಡಿ ಚಿತ್ರಕಾರರು ಅನಂತರ ಒಂದೊಂದಾಗಿ ಬರೆದರು. ಚಿತ್ರಕ್ಕೆ 13 ಆಸ್ಕರ್ ನಾಮನಿರ್ದೇಶನಗಳು ಬಂದು 5 ಪ್ರಶಸ್ತಿಗಳು ದೊರೆತವು. ಅವುಗಳಲ್ಲಿ ಒಂದು ದೃಶ್ಯ ಪರಿಣಾಮಗಳಿಗೆ, ಇನ್ನೊಂದು ಮೇರಿಯ ಪಾತ್ರದ ಜೂಲಿ ಆಂಡ್ರ್ಯೂಸ್ ಅವರಿಗೆ.

ಇಷ್ಟು ಚೆಲುವಾದ ಕೆಲಸ ಲೇಖಕಿಗೇಕೆ ಹಿಡಿಸಲಿಲ್ಲ? 1934ರಲ್ಲಿ ಪ್ರಕಟವಾದ ಮೊದಲ ಪುಸ್ತಕವನ್ನು ತೆರೆದರೆ ಸಂಗತಿ ಅರ್ಥವಾಗುತ್ತದೆ. ಸುಣ್ಣದ ಚಿತ್ರದೊಳಗೆ ಹೋಗುವ ಪ್ರಸಂಗ ಅಲ್ಲಿಯೂ ಇದೆ, ಆದರೆ ಮಕ್ಕಳು ಜೊತೆಗಿಲ್ಲ. ಅದು ಮೇರಿಯ ರಜಾದಿನ. ಆಕೆ ಮತ್ತು ಬರ್ಟ್ ಇಬ್ಬರೇ ಹೋಗಿ ಚಹಾ ಕುಡಿದು ಬರುತ್ತಾರೆ. ಮನೆಗೆ ಮರಳಿದಾಗ ಮಕ್ಕಳಿಗೆ ಸಿಗುವುದು ಅರೆ ಉತ್ತರ. ಪುಸ್ತಕದ ಮೇರಿ ಗಡುಸಿನ ಹೆಂಗಸು, ತನ್ನ ರೂಪದ ಬಗ್ಗೆ ಜಂಬವುಳ್ಳವಳು, ಯಾವ ಪವಾಡಕ್ಕೂ ವಿವರಣೆ ಕೊಡದವಳು. ದೊಡ್ಡವರ ಬದುಕಿನಲ್ಲಿ ತಮಗೆ ತಿಳಿಯದ ಒಂದು ಕೋಣೆ ಇದೆಯೆಂಬ ಮಕ್ಕಳ ಅರಿವೇ ಆ ಪುಸ್ತಕದ ಜೀವ. ಚಿತ್ರ ಆ ಕೋಣೆಯ ಬಾಗಿಲು ತೆರೆದು ಮಕ್ಕಳನ್ನೂ ಒಳಗೆ ಕರೆದುಕೊಂಡಿತು. ನೋಡಲು ಸೊಗಸೇ, ಆದರೆ ಕಥೆ ಬೇರೆಯದಾಯಿತು.

ಡಿಸ್ನಿ ಸುಮಾರು ಇಪ್ಪತ್ತು ವರ್ಷ ಈ ಕಥೆಯ ಬೆನ್ನು ಬಿದ್ದಿದ್ದರು. ಟ್ರಾವರ್ಸ್ ಕೊನೆಗೆ ಮಣಿದಾಗ ಒಪ್ಪಂದದ ಷರತ್ತುಗಳು ಅವರಿಗೆ ಅನುಕೂಲವಾಗಿಯೇ ಇದ್ದಂತೆ ತೋರುತ್ತಿದ್ದವು. 1,00,000 ಡಾಲರ್ ಮುಂಗಡ, ಗಳಿಕೆಯಲ್ಲಿ ಶೇಕಡಾ 5 ಪಾಲು. ಇವುಗಳ ಜೊತೆಗೆ ಚಿತ್ರಕಥೆ ತಮ್ಮ ಒಪ್ಪಿಗೆ ಪಡೆದೇ ಮುಂದುವರಿಯಬೇಕೆಂಬ ಹಕ್ಕನ್ನೂ ಅವರು ಪಡೆದರು. 1961ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಚಿತ್ರಕಥೆಗಾರರ ಹಾಗೂ ಹಾಡುಗಳನ್ನು ರಚಿಸಿದ ಶೆರ್ಮನ್ ಸಹೋದರರ ಎದುರು ಕುಳಿತು ಸಾಲು ಸಾಲಿಗೂ ತಕರಾರು ತೆಗೆದರು. ಮಾತುಕತೆಯೆಲ್ಲ ಟೇಪಿನಲ್ಲಿ ದಾಖಲಾಗಬೇಕೆಂದು ಪಟ್ಟು ಹಿಡಿದವರೂ ಅವರೇ. ವಕೀಲರ ಮಾತು ಕೇಳಿಯೇ ಬಂದಂತಿದ್ದ ಎಚ್ಚರವಿದು.

ಆದರೆ 'ಚಿತ್ರಕಥೆ' ಎಂಬುದು ಕಾಗದದ ಮೇಲಿನದು, 'ಚಿತ್ರ' ಎಂಬುದು ಪರದೆಯ ಮೇಲಿನದು. ಸಿದ್ಧವಾದ ಚಿತ್ರದಲ್ಲಿ ಯಾವುದನ್ನು ಇಡಬೇಕು, ಯಾವುದನ್ನು ಕತ್ತರಿಸಬೇಕು ಎಂಬ ಅಧಿಕಾರ ಡಿಸ್ನಿಯವರ ಕೈಯಲ್ಲೇ ಉಳಿದಿತ್ತು. ನೀನು ಚಾಪೆಯ ಕೆಳಗೆ ನುಸುಳಿದರೆ ನಾನು ರಂಗೋಲಿಯ ಕೆಳಗೆ ನುಸುಳುತ್ತೇನೆ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಯಿತು. ನೆಲದ ಮೇಲಿನ ಸುಣ್ಣದ ಗೆರೆಗಳಲ್ಲಿಯೇ ಹಕ್ಕು ಜಾರಿಹೋಯಿತು. 1964ರ ಆಗಸ್ಟ್ 27ರಂದು ಲಾಸ್ ಏಂಜಲೀಸಿನಲ್ಲಿ ಮೊದಲ ಪ್ರದರ್ಶನ. ಕಥೆಯ ಒಡತಿಗೆ ಮೊದಲು ಆಹ್ವಾನವೇ ಬಂದಿರಲಿಲ್ಲ, ಕೇಳಿ ಪಡೆಯಬೇಕಾಯಿತು. ಚಿತ್ರ ಮುಗಿದ ಮೇಲೆ ಆ ಕಾರ್ಟೂನು ಭಾಗವನ್ನು ತೆಗೆಯಬೇಕೆಂದು ಅವರು ಹೇಳಿದಾಗ, ಹಡಗು ಆಗಲೇ ಬಂದರು ಬಿಟ್ಟಿದೆ ಎಂಬರ್ಥದ ಉತ್ತರ ಡಿಸ್ನಿಯವರಿಂದ ಬಂದಿತೆಂದು ಹಾಡುಗಳ ರಚನಕಾರರಲ್ಲೊಬ್ಬರಾದ ರಿಚರ್ಡ್ ಶೆರ್ಮನ್ ನೆನಪಿಸಿಕೊಂಡಿದ್ದಾರೆ. ಅಂದು ಟ್ರಾವರ್ಸ್ ಕಣ್ಣೀರು ಹಾಕಿದ್ದು ಸತ್ಯ. 2013ರ 'ಸೇವಿಂಗ್ ಮಿಸ್ಟರ್ ಬ್ಯಾಂಕ್ಸ್' ಎಂಬ ಚಿತ್ರ ಅದನ್ನು ಮನ ಕರಗಿದ ಕಣ್ಣೀರೆಂದು ತೋರಿಸುತ್ತದೆ. ಆ ಚಿತ್ರವನ್ನೂ ತಯಾರಿಸಿದ್ದು ಡಿಸ್ನಿ ಸಂಸ್ಥೆಯೇ. ಪ್ರತಿವಾದಿಯೇ ತೀರ್ಪು ಬರೆದರೆ ಹೇಗಿರುತ್ತದೋ ಹಾಗೆ!

ಅವರ ಜೀವಿತಕಾಲದಲ್ಲಿ ಎರಡನೆಯ ಚಿತ್ರ ಬರಲಿಲ್ಲ. ರಂಗಕ್ಕೆ ಅಳವಡಿಸಲು ಕೇಳಿಬಂದವರಿಗೆ, ಬರೆಯುವವರು ಇಂಗ್ಲಿಷರೇ ಆಗಿರಬೇಕು, ಹಳೆಯ ಚಿತ್ರದಲ್ಲಿ ದುಡಿದವರು ಯಾರೂ ಇರಕೂಡದು ಎಂಬ ಷರತ್ತು ವಿಧಿಸಿದರು. 1996ರಲ್ಲಿ ಅವರು ತೀರಿಕೊಂಡರು. 2018ರ 'ಮೇರಿ ಪಾಪಿನ್ಸ್ ರಿಟರ್ನ್ಸ್' ಚಿತ್ರದಲ್ಲಿ ಕೈಯಿಂದ ಬರೆದ ಪೆಂಗ್ವಿನ್‌ಗಳು ಮತ್ತೆ ಕುಣಿದವು.

ಭಾರತದಲ್ಲಾಗಿದ್ದರೆ ವ್ಯಾಜ್ಯ ಬೇರೆ ಹಾದಿ ಹಿಡಿಯಬಹುದಿತ್ತು. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ 57ನೆಯ ಕಲಮು, ಕೃತಿಯ ಹಕ್ಕನ್ನು ಮಾರಿದ ಮೇಲೂ ಲೇಖಕರ ಬಳಿ ಒಂದು ವಿಶೇಷ ಹಕ್ಕನ್ನು ಉಳಿಸುತ್ತದೆ: ಗೌರವಕ್ಕೆ ಕುಂದು ತರುವಂತೆ ಕೃತಿಯನ್ನು ವಿರೂಪಗೊಳಿಸಿದರೆ ತಡೆಯುವ ಹಕ್ಕು. ಹಿಂದಿ ಲೇಖಕಿ ಮನ್ನೂ ಭಂಡಾರಿ ಇದನ್ನೇ ಹಿಡಿದು ದೆಹಲಿ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ತಂದೆತಾಯಿ ಬೇರಾದ ಬಂಟಿ ಎಂಬ ಬಾಲಕನ ಕುರಿತ ಅವರ 'ಆಪ್‌ಕಾ ಬಂಟಿ' ಕಾದಂಬರಿಯನ್ನು ಚಿತ್ರ ತಯಾರಕರು ತಿರುಚಿದ್ದಾರೆಂಬುದು ಅವರ ದೂರು. ಒಪ್ಪಂದದ ಮಾತುಗಳನ್ನು 57ನೆಯ ಕಲಮಿಗೆ ಅಧೀನವಾಗಿಯೇ ಓದಬೇಕೆಂದು 1986ರಲ್ಲಿ ನ್ಯಾಯಾಲಯ ಹೇಳಿತು. ಹಾಗೆಂದು ಪ್ರತಿಯೊಂದು ಬದಲಾವಣೆಯೂ ವಿರೂಪವಲ್ಲ. ಕುಣಿಯುವ ಪೆಂಗ್ವಿನ್‌ಗಳಿಂದ ಟ್ರಾವರ್ಸ್ ಅವರ ಗೌರವಕ್ಕೆ ಕುಂದು ಬಂದಿತೇ ಎಂದು ಕೇಳಿದರೆ, ಯಾವ ನ್ಯಾಯಾಧೀಶರಾದರೂ ಚಿತ್ರವನ್ನು ಒಮ್ಮೆ ನೋಡಿದ ಬಳಿಕ ನಗುತ್ತಲೇ ತಲೆ ತುರಿಸಿಕೊಂಡಾರು. ಮಕ್ಕಳನ್ನು ಒಳಗೆ ಸೇರಿಸಿದ ಬದಲಾವಣೆ ಮಾತ್ರ ನಿಜವಾಗಿ ವಾದಿಸಬೇಕಾದ ಅಂಶ.

ಈ ಚಿತ್ರವನ್ನು ಶಾಲೆಯಲ್ಲಿ ತೋರಿಸಬಹುದೇ ಎಂಬ ಸಂಶಯ ರಕ್ಷಕ-ಶಿಕ್ಷಕ ಸಂಘದವರಿಗೆ ಬರುವುದು ಸಹಜ. ಅದೇ ಕಾಯಿದೆಯ 52ನೆಯ ಕಲಮು ಇಲ್ಲಿ ನೆರವಿಗೆ ಬರುತ್ತದೆ. ಶಾಲೆಯ ಚಟುವಟಿಕೆಯ ಅಂಗವಾಗಿ, ವಿದ್ಯಾರ್ಥಿಗಳು, ಸಿಬ್ಬಂದಿ, ರಕ್ಷಕರು ಹಾಗೂ ಶಾಲೆಯ ಕೆಲಸಗಳಿಗೆ ಸಂಬಂಧಪಟ್ಟವರು ಮಾತ್ರ ನೋಡುವ ಪ್ರದರ್ಶನ ಕೃತಿಸ್ವಾಮ್ಯದ ಉಲ್ಲಂಘನೆಯಾಗದು. ಟಿಕೆಟು ಮಾರಿ ಪೇಟೆಯವರನ್ನೆಲ್ಲ ಸೇರಿಸಿದರೆ ಆ ರಕ್ಷಣೆ ಉಳಿಯದು. ಚಿತ್ರದ ಮಾತು ಇಂಗ್ಲಿಷಿನದು. ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಕಥೆ ಹೇಳಬಲ್ಲ ಟೀಚರೊಬ್ಬರಿದ್ದರೆ ಚಿಕ್ಕ ತರಗತಿಯವರಿಗೂ ದಾರಿ ತಪ್ಪದು. ಅವಧಿ 139 ನಿಮಿಷ. ಮಧ್ಯಾಹ್ನದ ಊಟವಾದ ಕೂಡಲೇ ಆರಂಭಿಸಿದರೆ, ಕೊನೆಯಲ್ಲಿ ತಂದೆ ಮಕ್ಕಳೊಡನೆ ಗಾಳಿಪಟ ಹಾರಿಸುವ ಹೊತ್ತಿಗೆ ಶಾಲೆ ಬಿಡುವ ಗಂಟೆಯೂ ಬಾರಿಸುತ್ತದೆ.